ಹಾಲ್‌ಗೆ ಕಡಿಮೆ ಬಜೆಟ್ಟಿನ 55 ಇಂಚಿನ ಟಿವಿ: ತಂದು ಬಳಸಿದ ಮೇಲೆ ಬರೆದಿದ್ದು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಾವು ತಂದಿರುವುದು 55 ಇಂಚಿನ 4ಕೆ ಎಲ್‌ಇಡಿ ಟಿವಿ. ಐಪಿಎಸ್ ಪ್ಯಾನೆಲ್ (ಪ್ಯಾನೆಲ್ ಅಂದರೆ ಚಿತ್ರ ಮೂಡುವ ಪರದೆ, ಐಪಿಎಸ್ ಮತ್ತು ವಿಎ ಅದರ ಎರಡು ಬಗೆ, ವಿವರ ಮುಂದಿದೆ), 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತದೆ), 10 ವಾಟಿನ ಎರಡು ಸ್ಪೀಕರ್, ಸೆಟ್‌ಟಾಪ್ ಬಾಕ್ಸ್ ಥರದ್ದನ್ನು ಜೋಡಿಸಲು ಮೂರು ಎಚ್‌ಡಿಎಂಐ ಪೋರ್ಟ್. ಆ ಕಂಪನಿಯ ಟಿವಿಗಳ ಸಾಲಿನಲ್ಲಿ ಕೆಳಗಿನಿಂದ ಎರಡನೆಯದು. ಮನೆಮಂದಿಯೆಲ್ಲ ಅಲ್ಲೊಬ್ಬರು ಇಲ್ಲೊಬ್ಬರು ಕೂತು, ಲೈಟ್ ಹಾಕಿಕೊಂಡೇ ನೋಡುವ ಹಾಲ್‌ಗೆ ಇದು ತುಂಬಾ ಒಳ್ಳೆಯ ಟಿವಿ. ಲೈಟೆಲ್ಲ ಆರಿಸಿ, ನೇರ ಎದುರಿಗೆ ಕೂತು ಸಿನಿಮಾ ನೋಡುವುದೇ ಮುಖ್ಯ ಅನ್ನುವವರು ಬೇರೆ ಥರದ್ದು ತಗೊಳ್ಳಬೇಕು. ಯಾವ ಥರದ್ದು, ಯಾಕೆ ಅಂತ ಮುಂದೆ ಬರೆದಿದ್ದೇನೆ.

ಬ್ರ್ಯಾಂಡ್, ಮಾಡೆಲ್ ಹೆಸರು ಹಾಕುತ್ತಿಲ್ಲ. ಮಾಡೆಲ್ ನಂಬರ್ ವರ್ಷಕ್ಕೊಮ್ಮೆ ಬದಲಾಗುತ್ತದೆ, ನೀವು ಹುಡುಕುವ ಹೊತ್ತಿಗೆ ಅದು ಸಿಗದೆಯೂ ಹೋಗಬಹುದು. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಒಂದೇ ಮಾಡೆಲ್ ಆದರೂ ಒಳಗಿನ ಪ್ಯಾನೆಲ್ ಒಂದೇ ಇರುತ್ತದೆ ಅಂತ ಹೇಳಲಾಗುವುದಿಲ್ಲ. 50 ಇಂಚಿನದರಲ್ಲಿ ವಿಎ ಪ್ಯಾನೆಲ್, ಅದೇ ಹೆಸರಿನ 55 ಇಂಚಿನದರಲ್ಲಿ ಐಪಿಎಸ್, ಹೀಗೆ ಹಾಕುವುದು ಉಂಟು. ಡಬ್ಬದ ಮೇಲೆ ಸಾಮಾನ್ಯವಾಗಿ ಅದನ್ನು ಬರೆದಿರುವುದಿಲ್ಲ. ಹಾಗಾಗಿ "ನಮ್ಮ ಫ್ರೆಂಡ್ ಮನೇಲಿ ಇದೇ ಟಿವಿ ಇದೆ, ಸಖತ್ತಾಗಿದೆ" ಅನ್ನುವ ಮಾತು, ಸೈಜ್ ಬೇರೆ ಆಗಿದ್ದರೆ, ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಬಜೆಟ್ ಕಮ್ಮಿ ಇದ್ದಾಗ ಇರುವ ದುಡ್ಡನ್ನೆಲ್ಲ ಪರದೆಗೆ ಹಾಕಿ. ಸ್ಮಾರ್ಟ್ ಟಿವಿಯ ಸಾಫ್ಟ್‌ವೇರ್ ನಿಧಾನ ಆದರೆ ಒಂದು ಸ್ಟ್ರೀಮಿಂಗ್ ಸ್ಟಿಕ್ (ಆಪ್‌ಗಳನ್ನು ತಾನೇ ಓಡಿಸುವ ಸಣ್ಣ ಸಾಧನ) ಚುಚ್ಚಿ ಸರಿ ಮಾಡಿಕೊಳ್ಳಬಹುದು. ಸೌಂಡ್ ಸಾಲದಿದ್ದರೆ ಮುಂದೆ ಯಾವಾಗಲಾದರೂ ಸೌಂಡ್‌ಬಾರ್ ಸೇರಿಸಬಹುದು. ಪ್ಯಾನೆಲ್ ಬದಲಾಯಿಸಲು ಆಗುವುದಿಲ್ಲ, ಟಿವಿ ಇರುವಷ್ಟು ದಿನ ಅದನ್ನೇ ನೋಡಬೇಕು.

ಸೈಜಿನ ವಿಷಯಕ್ಕೆ ಬರೋಣ. ಟಿವಿಯ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಳೆದದ್ದು. 55 ಇಂಚಿನ ಪರದೆಯ ಅಗಲ ಸುಮಾರು 122 ಸೆಂಟಿಮೀಟರ್, ಎತ್ತರ ಸುಮಾರು 68. ನಾವು ಹಳೇ ನ್ಯೂಸ್‌ಪೇಪರ್ ಹಾಳೆಗಳನ್ನು ಜೋಡಿಸಿ ಅಷ್ಟೇ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿದ್ದೆವು. ಅದರ ಒಳಗೆ 43ರ ಗುರುತು, ಹೊರಗೆ 65ರ ಗುರುತು, ಪೆನ್ಸಿಲ್‌ನಲ್ಲಿ. 65 ಬಂದರೆ ಸ್ವಿಚ್‌ಬೋರ್ಡ್ ಅರ್ಧ ಮುಚ್ಚಿಹೋಗುತ್ತದೆ ಅಂತ ಆಗಲೇ ಗೊತ್ತಾಯಿತು. ಅಂಗಡಿಯಲ್ಲಿ ಸಾಲಾಗಿ ಟಿವಿ ಇಟ್ಟಿರುತ್ತಾರೆ, ಮೇಲೆ ಎತ್ತರದ ಚಾವಣಿ, ಅಲ್ಲಿ 55 ಇಂಚು ಚಿಕ್ಕದಾಗಿಯೇ ಕಾಣುತ್ತದೆ, ಮನೆ ಗೋಡೆಗೆ ಬಂದಾಗಲೇ ಅದರ ನಿಜವಾದ ಗಾತ್ರ ತಿಳಿಯುವುದು. ಪೇಪರ್ ಅಂಟಿಸಿ ನೋಡಲು ಖರ್ಚೇನೂ ಇಲ್ಲ, ದಯವಿಟ್ಟು ಮಾಡಿ.

ಎಷ್ಟು ದೂರದಿಂದ ನೋಡಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಮೂಲೆಯಿಂದ ಮೂಲೆಗೆ ಎಷ್ಟು ಇಂಚು ಇದೆಯೋ ಅದರ 1.2ರಿಂದ 1.6 ಪಟ್ಟು. 55 ಇಂಚಿಗೆ ಐದೂವರೆ ಅಡಿಯಿಂದ ಹೆಚ್ಚುಕಮ್ಮಿ ಏಳೂವರೆ ಅಡಿ. ನಮ್ಮ ಸೋಫಾ ಎಂಟು ಅಡಿ ದೂರದಲ್ಲಿದೆ, ಹಾಗಾಗಿ 55ಕ್ಕಿಂತ ಚಿಕ್ಕದರ ಮಾತೇ ಇಲ್ಲ ಅಂತ ತೀರ್ಮಾನ ಆಯಿತು. ಈ ದೂರದಲ್ಲಿ 4ಕೆ ಬೇಕೇ ಬೇಕಾ ಅಂದರೆ, ನಿಜ ಹೇಳಬೇಕೆಂದರೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ಫುಲ್ ಎಚ್‌ಡಿಯಲ್ಲಿ 1920 x 1080 ಚುಕ್ಕೆ, 4ಕೆಯಲ್ಲಿ 3840 x 2160, ಅಂದರೆ ನಾಲ್ಕು ಪಟ್ಟು. ಆದರೆ 55 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಯ ಒಂದೊಂದು ಚುಕ್ಕೆಯೂ 0.63 ಮಿಲಿಮೀಟರ್ ಅಷ್ಟೇ. ಸಾಮಾನ್ಯ ದೃಷ್ಟಿಯ ಕಣ್ಣಿಗೆ ಏಳು ಅಡಿ ದಾಟಿದ ಮೇಲೆ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಈ ಸೈಜಿನಲ್ಲಿ ಈಗ ಬರುವುದೆಲ್ಲ ಹೆಚ್ಚುಕಮ್ಮಿ 4ಕೆಯೇ, ಆದ್ದರಿಂದ ಅದು ತಾನಾಗಿಯೇ ಸಿಗುತ್ತದೆ. 8ಕೆ ಅಂತ ಯಾರಾದರೂ ಹೇಳಿದರೆ ಮಾತ್ರ ಸುಮ್ನೆ ಮುಂದಕ್ಕೆ ಹೋಗಿ.

ಈಗ ಪ್ಯಾನೆಲ್. ನಾನು ಜಾಸ್ತಿ ಬರೆಯಬೇಕು ಅಂದುಕೊಂಡಿದ್ದು ಇದರ ಬಗ್ಗೆಯೇ. ಕಡಿಮೆ ಬೆಲೆಯ ಎಲ್‌ಇಡಿ ಟಿವಿಗಳಲ್ಲಿ ಎರಡು ಬಗೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಅದರ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ, 3000ಕ್ಕೆ 1, ಕೆಲವದರಲ್ಲಿ ಇನ್ನೂ ಜಾಸ್ತಿ. ಐಪಿಎಸ್‌ನಲ್ಲಿ ಅದು ಸುಮಾರು 1000ಕ್ಕೆ 1. ಕಾಗದದ ಮೇಲೆ ವಿಎ ಗೆದ್ದಂತೆ. ಆದರೆ ವಿಎ ಟಿವಿಯನ್ನು ಪಕ್ಕದಿಂದ ನೋಡಿ. ಬಣ್ಣ ಸೋರಿಹೋದ ಹಾಗೆ ಆಗುತ್ತದೆ, ಮುಖಗಳು ಬಿಳಿಚಿಕೊಳ್ಳುತ್ತವೆ, ಕಪ್ಪು ಕೂದಲು ಬೂದಿ ಬಣ್ಣಕ್ಕೆ ತಿರುಗುತ್ತದೆ. ನೇರ ಎದುರಿಗೆ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ. ಹಾಲ್‌ನಲ್ಲಿ ನೇರ ಎದುರಿಗೆ ಎಷ್ಟು ಜನ ಕೂರುತ್ತಾರೆ ಹೇಳಿ? ಸೋಫಾದ ನಡುವಿನ ಜಾಗ ಸಿಗುವುದು ಒಬ್ಬರಿಗೋ ಇಬ್ಬರಿಗೋ. ಮಿಕ್ಕವರು ತುದಿಯಲ್ಲಿ, ನೆಲದ ಮೇಲೆ, ಪಕ್ಕದ ಕುರ್ಚಿಯಲ್ಲಿ.

ನಮ್ಮಲ್ಲಿ ಆ ಪಕ್ಕದ ಕುರ್ಚಿ ಅಮ್ಮನದು. ಮಂಡಿ ನೋವು, ಸೋಫಾದಲ್ಲಿ ಕೂತರೆ ಏಳಲು ಕಷ್ಟ, ಆದ್ದರಿಂದ ಆ ಕುರ್ಚಿ ಎಲ್ಲಿದೆಯೋ ಅಲ್ಲೇ ಇರಬೇಕು. ಎಲ್ಲರಿಗಿಂತ ಜಾಸ್ತಿ ಹೊತ್ತು ಟಿವಿ ನೋಡುವವರೂ ಅವರೇ. ಅಂಗಡಿಯಲ್ಲಿ ಅಮ್ಮನನ್ನು ಒಂದು ಸ್ಟೂಲ್ ಮೇಲೆ ಟಿವಿಯ ಓರೆಗೆ, ಮನೆಯಲ್ಲಿ ಕೂರುವಷ್ಟೇ ಓರೆಗೆ ಕೂರಿಸಿದೆ. ಒಂದು ವಿಎ, ಒಂದು ಐಪಿಎಸ್, ಎರಡರಲ್ಲೂ ಅದೇ ವಿಡಿಯೊ.

"ಅಮ್ಮಾ, ಯಾವುದು ಚೆನ್ನಾಗಿ ಕಾಣಿಸ್ತಿದೆ?"

"ಆ ಕಡೇದರಲ್ಲಿ ಅವಳ ಸೀರೆ ಕೆಂಪಗಿದೆ ಕಣೋ. ಇದರಲ್ಲಿ ಒಗೆದು ಒಗೆದು ಬಣ್ಣ ಹೋದ ಹಾಗಿದೆ."

ಆ ಕಡೆಯದು ಐಪಿಎಸ್. ಕಾಂಟ್ರಾಸ್ಟ್ ಅಂಕಿ ಎಷ್ಟಿದ್ದರೂ ಅಮ್ಮನ ಕುರ್ಚಿಗೆ ಸಿಗುವ ಚಿತ್ರ ಅದು, ಅದನ್ನೇ ತಗೊಂಡೆವು. ನಿಮ್ಮ ಮನೆಯಲ್ಲಿ ಎಲ್ಲರೂ ಎದುರಿಗೇ ಕೂರುವ ಹಾಗಿದ್ದರೆ ಲೆಕ್ಕ ಉಲ್ಟಾ ಆಗುತ್ತದೆ. ಆಗ ವಿಎ ತಗೊಳ್ಳಿ, ಸಾಧ್ಯವಾದರೆ ಲೋಕಲ್ ಡಿಮ್ಮಿಂಗ್ ಇರುವುದನ್ನು ನೋಡಿ. ಅದರಲ್ಲಿ ಪರದೆಯ ಹಿಂದಿನ ಬೆಳಕು ಭಾಗ ಭಾಗವಾಗಿ ಮಂಕಾಗುತ್ತದೆ, ಕಪ್ಪು ಇನ್ನೂ ಗಾಢವಾಗುತ್ತದೆ. ಅಗ್ಗದ ಟಿವಿಯಲ್ಲಿ ಆ ಭಾಗಗಳು ಬೆರಳೆಣಿಕೆಯಷ್ಟೇ ಇದ್ದರೆ ಸಬ್‌ಟೈಟಲ್ ಸುತ್ತ ಹೊಗೆಯಂಥ ಬೆಳಕು ಕಾಣುತ್ತದೆ, ಅದನ್ನು ಅಂಗಡಿಯಲ್ಲೇ ಪರೀಕ್ಷಿಸಿ.

ಅಂಗಡಿಯವರು ಹಾಕುವ ಡೆಮೊ ವಿಡಿಯೊ ನಂಬಬೇಡಿ. ಹೂವು, ಗಿಳಿ, ಜಲಪಾತ, ಎಲ್ಲ ಕಣ್ಣು ಕೋರೈಸುವಂಥವು, ಜೊತೆಗೆ ಟಿವಿಯೂ ಅತಿ ಹೆಚ್ಚು ಬೆಳಕಿನ ಮೋಡ್‌ನಲ್ಲಿ ಇರುತ್ತದೆ. ಒಂದು ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ವಿಡಿಯೊ ಹಾಕಿಕೊಂಡು ಹೋಗಿ. ಹತ್ತಿರದಿಂದ ತೆಗೆದ ಮನುಷ್ಯರ ಮುಖ, ರಾತ್ರಿಯ ದೃಶ್ಯ, ಕ್ಯಾಮೆರಾ ಮೈದಾನದ ಮೇಲೆ ಅಡ್ಡಡ್ಡ ಓಡುವ ಒಂದು ಆಟ, ಆಮೇಲೆ ಬರೀ ಬೂದು ಬಣ್ಣದ ಒಂದು ಚಿತ್ರ. ಈ ಬೂದು ಚಿತ್ರ ಬಹಳ ಮುಖ್ಯ. ಪ್ಯಾನೆಲ್ ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೆ ಅದರಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ನಮಗೆ ಮೊದಲು ಬಂದ ಪೀಸ್‌ನಲ್ಲಿ ಹಾಗೇ ಆಯಿತು. ಡಬ್ಬ ಬಿಚ್ಚಿ, ಕಾಲು ಜೋಡಿಸಿ, ಟಿವಿ ಜೋಡಿಸಲು ಬಂದವರು ಹೊರಡುವ ಮುಂಚೆಯೇ ಬೂದು ಚಿತ್ರ ಹಾಕಿದೆ. ಎಡಗಡೆ ಒಂದು ಗೇಣು ಅಗಲದ ಕಪ್ಪು ಪಟ್ಟೆ, ಮೇಲಿಂದ ಕೆಳಗೆ. ಧಾರಾವಾಹಿ ಹಾಕಿದರೆ ಗೊತ್ತೇ ಆಗುತ್ತಿರಲಿಲ್ಲ. ಹಸಿರು ಮೈದಾನ ಹಾಕಿದರೆ ಚೆಂಡಿನ ಹಿಂದೆ ಕ್ಯಾಮೆರಾ ಓಡಿದ ಹಾಗೆಲ್ಲ ಆ ಪಟ್ಟೆ ನಿಂತಲ್ಲೇ ನಿಂತಿರುತ್ತದೆ, ಕಿಟಕಿ ಗಾಜಿನ ಮೇಲೆ ಕೊಳೆ ಇದ್ದ ಹಾಗೆ. "ಸ್ವಲ್ಪ ದಿನ ಓಡಿಸಿ ಸಾರ್, ಸರಿ ಹೋಗುತ್ತೆ" ಅಂದರು. ಸರಿ ಹೋಗುತ್ತೆ ಅಂತ ನಂಬಿ ಕೂರಬೇಡಿ, ವಾಪಸ್ ಕೊಡುವ ಅವಧಿ ಅಷ್ಟರಲ್ಲಿ ಮುಗಿದುಹೋಗಬಹುದು. ನಾವು ಅಲ್ಲೇ ಫೋಟೊ ತೆಗೆದು, ದೂರು ಬರೆದು, ಬದಲಾಯಿಸಿಕೊಂಡೆವು. ಎರಡನೇ ಪೀಸ್‌ನಲ್ಲಿ ಮೂಲೆಗಳು ಸ್ವಲ್ಪ ಮಂಕು, ಅಷ್ಟೇ. ಅದು ಈ ಬೆಲೆಯಲ್ಲಿ ಇರುವಂಥದ್ದೇ, ಅದಕ್ಕೆ ಜಗಳ ಆಡುವುದು ಬೇಡ.

ಇನ್ನು ಡಬ್ಬದ ಮೇಲಿನ ಸ್ಟಿಕ್ಕರ್‌ಗಳು. ಕ್ಯೂಎಲ್‌ಇಡಿ ಅಂದರೂ ಅದು, ನಮ್ಮ ಎಲ್‌ಇಡಿ ಟಿವಿಯ ಹಾಗೆಯೇ, ಹಿಂದಿನಿಂದ ಬೆಳಕು ಬೀಳುವ ಎಲ್‌ಸಿಡಿ ಟಿವಿಯೇ, ಹಿಂದಿನ ಬೆಳಕಿಗೆ ಕ್ವಾಂಟಮ್ ಡಾಟ್ ಪದರ ಸೇರಿಸಿರುತ್ತಾರೆ, ಬಣ್ಣ ಸ್ವಲ್ಪ ತುಂಬಿಕೊಂಡು ಕಾಣುತ್ತದೆ. ಓಎಲ್‌ಇಡಿ ಬೇರೆಯೇ ಜಾತಿ, ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಾಗ ಪೂರ್ತಿ ಆರುತ್ತದೆ. ಚಿತ್ರ ಅದ್ಭುತ. ಆದರೆ ನಮ್ಮ ಬಜೆಟ್ಟಿಗೆ ಎಟುಕುವುದಿಲ್ಲ, ಮತ್ತೆ ಇಡೀ ದಿನ ನ್ಯೂಸ್ ಚಾನೆಲ್ ಓಡುವ ಮನೆಯಲ್ಲಿ ಚಾನೆಲ್ ಲೋಗೊ, ಕೆಳಗಿನ ಪಟ್ಟಿ ಪರದೆಯ ಮೇಲೆ ಕಾಯಂ ಅಚ್ಚು ಬೀಳುವ ಅಪಾಯವೂ ಅದಕ್ಕಿದೆ.

ಎಚ್‌ಡಿಆರ್ (ಹೊಳೆಯುವ ಭಾಗ, ಕತ್ತಲ ಭಾಗ ಎರಡನ್ನೂ ಇನ್ನಷ್ಟು ನಿಜವಾಗಿ ತೋರಿಸುವ ವಿಧಾನ) ವಿಷಯದಲ್ಲಿ ಎಲ್ಲರಿಗೂ ನಿರಾಸೆ ಆಗುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಚ್‌ಡಿಆರ್10 ಅಂತ ಬರೆದಿದ್ದರೆ ಆ ಸಿಗ್ನಲ್ ಬಂದಾಗ ಟಿವಿಗೆ ಅರ್ಥ ಆಗುತ್ತದೆ ಅಂತ ಅಷ್ಟೇ ತಿಳಿಯಬೇಕು. ಅದನ್ನು ತೋರಿಸುವಷ್ಟು ಬೆಳಕು ಟಿವಿಗೆ ಇದೆಯಾ ಅನ್ನುವುದು ಬೇರೆ ಪ್ರಶ್ನೆ. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ಪರದೆಯ ಬೆಳಕನ್ನು ಅಳೆಯುವ ಮಾನ) ಅಥವಾ ಅದಕ್ಕಿಂತ ಹೆಚ್ಚು ಬೆಳಕಿನ ಲೆಕ್ಕದಲ್ಲಿ ತಯಾರಿಸಿರುತ್ತಾರೆ. ನಮ್ಮಂಥ ಟಿವಿಗಳು 300 ನಿಟ್ಸ್ ಆಚೀಚೆ. ಹಾಗಾಗಿ ಸೂರ್ಯನ ಹೊಳಪು, ದೀಪದ ಮಿನುಗು ಎಲ್ಲ ತಗ್ಗಿಸಿ ತೋರಿಸಬೇಕಾಗುತ್ತದೆ, ಕೆಲವು ಸಲ ಇಡೀ ಚಿತ್ರವೇ ಕತ್ತಲಾದ ಹಾಗೆ ಅನಿಸುತ್ತದೆ. ಡಾಲ್ಬಿ ವಿಷನ್ ಇದ್ದರೆ ಒಂದು ಮಟ್ಟಿಗೆ ವಾಸಿ, ಅದರಲ್ಲಿ ಒಂದೊಂದು ದೃಶ್ಯಕ್ಕೂ ಬೇರೆ ಬೇರೆ ಸೂಚನೆ ಇರುವುದರಿಂದ ಟಿವಿ ತನ್ನ ಶಕ್ತಿಗೆ ತಕ್ಕಂತೆ ಹೊಂದಿಸಿಕೊಳ್ಳುತ್ತದೆ. ನಮ್ಮದರಲ್ಲಿ ಅದು ಇಲ್ಲ. ಎಚ್‌ಡಿಆರ್‌ಗಾಗಿಯೇ ಜಾಸ್ತಿ ದುಡ್ಡು ಕೊಡುವುದಾದರೆ 600 ನಿಟ್ಸ್‌ಗಿಂತ ಕೆಳಗಿನದಕ್ಕೆ ಕೊಡಬೇಡಿ.

"ಮೋಷನ್ 120" ಥರದ ಹೆಸರುಗಳೂ ಅಷ್ಟೇ. ಅದರ ಹಿಂದೆ ಇರುವುದು ಬಹಳ ಸಲ 60 ಹರ್ಟ್ಸ್ ಪ್ಯಾನೆಲ್. ಪ್ಯಾನೆಲ್‌ನ ನೇಟಿವ್ ರಿಫ್ರೆಶ್ ರೇಟ್ ಎಷ್ಟು, ಅಂದರೆ ಅದು ನಿಜವಾಗಿ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಯಿಸುತ್ತದೆ ಅಂತ ನೇರವಾಗಿ ಕೇಳಿ. ಮನೆಯಲ್ಲಿ ಗೇಮ್ ಕನ್ಸೋಲ್ ಇಲ್ಲ ಅಂದರೆ 60 ಧಾರಾಳ ಸಾಕು.

ಟಿವಿ ತಂದ ದಿನವೇ ಸೆಟ್ಟಿಂಗ್ ಬದಲಾಯಿಸಿ, ಇದು ನನ್ನ ಕಳಕಳಿಯ ವಿನಂತಿ. ಹೊಸ ಟಿವಿ ಆನ್ ಆದಾಗ ಬಣ್ಣ ವಿಪರೀತ, ಬಿಳಿ ನೀಲಿಗೆ ತಿರುಗಿರುತ್ತದೆ, ಶಾರ್ಪ್‌ನೆಸ್ ಎಷ್ಟಿರುತ್ತದೆ ಅಂದರೆ ಅಕ್ಷರಗಳ ಸುತ್ತ ಬಿಳಿ ಗೆರೆ ಎದ್ದಿರುತ್ತದೆ. ಪಿಕ್ಚರ್ ಮೋಡ್‌ನಲ್ಲಿ ಸಿನಿಮಾ ಅಥವಾ ಮೂವಿ ಅಂತ ಇರುತ್ತದೆ, ಅದನ್ನು ಹಾಕಿ. ಕೆಲವು ಟಿವಿಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಅಂತಲೇ ಇದೆ, 2019ರಲ್ಲಿ ಟಿವಿ ಕಂಪನಿಗಳು, ಸಿನಿಮಾ ಸ್ಟುಡಿಯೊಗಳು ಸೇರಿರುವ ಯುಎಚ್‌ಡಿ ಅಲಯನ್ಸ್ ಪ್ರಕಟಿಸಿದ್ದು, ಸಿನಿಮಾ ಮಾಡಿದವರು ಉದ್ದೇಶಿಸಿದ ಹಾಗೆಯೇ ಚಿತ್ರ ಕಾಣಲಿ ಅನ್ನುವುದು ಅದರ ಗುರಿ. ಮೊದಲು ಹಳದಿ ಹಳದಿ ಅನಿಸುತ್ತದೆ. ನನ್ನ ಮಗ ಕೂಡ "ಅಪ್ಪಾ, ಟಿವಿ ಹಾಳಾಗಿದೆಯಾ?" ಅಂದ. ಸ್ವಲ್ಪ ದಿನ ಹಾಗೇ ಬಿಡಿ. ಆಮೇಲೆ ಹಳೇ ಮೋಡ್‌ಗೆ ಹಾಕಿ ನೋಡಿದರೆ ಮನುಷ್ಯರ ಮುಖ ಟ್ಯೂಬ್‌ಲೈಟ್ ಕೆಳಗೆ ಇದ್ದ ಹಾಗೆ ಕಾಣುತ್ತದೆ, ಆಗ ನೀವೇ ವಾಪಸ್ ಬರುತ್ತೀರಿ. ಮೋಷನ್ ಸ್ಮೂದಿಂಗ್ ಕೂಡ ಆಫ್ ಮಾಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ, ಟಿವಿ ನಡುನಡುವೆ ತನ್ನದೇ ಚಿತ್ರಗಳನ್ನು ಹುಟ್ಟಿಸಿ ತುಂಬಿಸುತ್ತದೆ, ಅದರಿಂದ ಎಂಥ ಒಳ್ಳೆಯ ಸಿನಿಮಾನೂ ಧಾರಾವಾಹಿ ಥರ ಆಗಿಬಿಡುತ್ತದೆ. ಆಟ ನೋಡುವಾಗ ಬೇಕಾದರೆ ಸ್ವಲ್ಪ ಇಟ್ಟುಕೊಳ್ಳಿ.

ಸೌಂಡ್ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸ್ಪೀಕರ್‌ಗಳು ಕೆಳಮುಖ, ಶಬ್ದ ಮೊದಲು ಟೇಬಲ್‌ಗೆ ಬಡಿದು ಆಮೇಲೆ ನಮ್ಮ ಕಡೆ ಬರುತ್ತದೆ. ನ್ಯೂಸ್, ಧಾರಾವಾಹಿಗೆ ಸಾಕು. ಸಿನಿಮಾದಲ್ಲಿ ಮಾತು ಕೇಳಲಿ ಅಂತ ಜೋರು ಮಾಡಿದರೆ ಹಾಡು ಬಂದಾಗ ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ಸೌಂಡ್ ಸೆಟ್ಟಿಂಗ್‌ನಲ್ಲಿ ಮಾತನ್ನು ಎತ್ತಿ ಕೊಡುವ ಆಯ್ಕೆ ಇತ್ತು, ಅದನ್ನು ಹಾಕಿದ ಮೇಲೆ ಅಮ್ಮನಿಗೆ ಎಷ್ಟೋ ವಾಸಿ. ಮುಂದೆ ಸೌಂಡ್‌ಬಾರ್ ತಗೊಳ್ಳುವ ಯೋಚನೆ ಇದ್ದರೆ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ಪೋರ್ಟ್ (ಟಿವಿಯಿಂದ ಶಬ್ದವನ್ನು ಹೊರಗೆ ಕಳಿಸುವಂಥದ್ದು) ಇದೆಯಾ ನೋಡಿ, ಒಂದೇ ಕೇಬಲ್‌ನಲ್ಲಿ ಕೆಲಸ ಮುಗಿಯುತ್ತದೆ. ನೆನಪಿರಲಿ, ಆಗ ಒಂದು ಪೋರ್ಟ್ ಹೋಯಿತು. ಸೆಟ್‌ಟಾಪ್ ಬಾಕ್ಸ್‌ಗೆ ಒಂದು, ಸ್ಟಿಕ್‌ಗೆ ಒಂದು, ಅಲ್ಲಿಗೆ ಮೂರೂ ಭರ್ತಿ. ಎರಡೇ ಪೋರ್ಟ್ ಇರುವ ಟಿವಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಹಾಲ್‌ಗೆ ತರಬೇಡಿ.

ಸಾಫ್ಟ್‌ವೇರ್ ಸುಮಾರಾಗಿದೆ. ರ‍್ಯಾಮ್ ಕಮ್ಮಿ, ನಾಲ್ಕೈದು ಆಪ್ ಹಾಕಿದ ಮೇಲೆ ಬಟನ್ ಒತ್ತಿ ಒಂದು ಕ್ಷಣ ಕಾಯಬೇಕು. ಬೇಡದ ಆಪ್ ತೆಗೆದುಹಾಕಿದರೆ ಚುರುಕಾಗುತ್ತದೆ. ಹೆಸರೇ ಕೇಳದ ಬ್ರ್ಯಾಂಡ್ ತಗೊಳ್ಳುವವರು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ಆಂಡ್ರಾಯ್ಡ್ ಆಧಾರದ ಟಿವಿಯಲ್ಲಿ ವೈಡ್‌ವೈನ್ ಎಲ್1 ಅನುಮತಿ (ವಿಡಿಯೊ ಕಳವಾಗದಂತೆ ಕಾಯುವ ವ್ಯವಸ್ಥೆಯ ಮೇಲ್ಮಟ್ಟ) ಇಲ್ಲದಿದ್ದರೆ ನೆಟ್‌ಫ್ಲಿಕ್ಸ್ ಥರದ ಆಪ್‌ಗಳು ಎಚ್‌ಡಿ ಕೊಡುವುದೇ ಇಲ್ಲ, ಪರದೆ 4ಕೆ ಇದ್ದರೂ ಮಸುಕು ಚಿತ್ರವೇ ಗತಿ. ಇಂಟರ್ನೆಟ್ ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, 4ಕೆಗೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್.

ಮೊದಲ ಸಲ ಆನ್ ಮಾಡಿದಾಗ ಎಲ್ಲದಕ್ಕೂ "ಒಪ್ಪಿಗೆ" ಒತ್ತುತ್ತಾ ಹೋಗಬೇಡಿ. ಪರದೆಯ ಮೇಲೆ ಏನು ಓಡುತ್ತಿದೆ ಅಂತ ಗುರುತಿಸಿ ಕಂಪನಿಗೆ ಕಳಿಸುವ ವ್ಯವಸ್ಥೆ ಈಗಿನ ಬಹಳಷ್ಟು ಸ್ಮಾರ್ಟ್ ಟಿವಿಗಳಲ್ಲಿದೆ. ಒಪ್ಪಿಗೆ ಕೇಳದೆ ಹೀಗೆ ಮಾಡಿದ್ದಕ್ಕೆ ಅಮೆರಿಕದಲ್ಲಿ 2017ರಲ್ಲಿ ವಿಜಿಯೊ ಎಂಬ ಟಿವಿ ಕಂಪನಿ, ಗ್ರಾಹಕರ ಹಿತ ಕಾಯುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯದ ಜೊತೆಗಿನ ಪ್ರಕರಣ ಇತ್ಯರ್ಥ ಮಾಡಿಕೊಳ್ಳಲು 22 ಲಕ್ಷ ಡಾಲರ್ ಕಟ್ಟಬೇಕಾಯಿತು. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಹುಡುಕಿದರೆ ಇದು ಸಿಗುತ್ತದೆ, ಆಫ್ ಮಾಡಿದರೆ ಟಿವಿ ಏನೂ ನಿಲ್ಲುವುದಿಲ್ಲ. ಮನೆಯ ಹಾಲ್‌ನಲ್ಲಿ ಮಕ್ಕಳು, ಹಿರಿಯರು ಏನು ನೋಡುತ್ತಾರೆ ಅನ್ನುವುದು ಮನೆಯಲ್ಲೇ ಇರಲಿ, ಅಲ್ವಾ?

ಟೇಬಲ್ ಮೇಲೆ ಇಡುವವರು ಟಿವಿಯ ಕಾಲುಗಳ ನಡುವಿನ ಅಂತರ ಕೇಳಿಯೇ ತಗೊಳ್ಳಿ. ಈಗಿನ ಟಿವಿಗಳಿಗೆ ಎರಡು ತುದಿಯಲ್ಲಿ ಎರಡು ಕಾಲು, ನಡುವೆ ಒಂದು ಮೀಟರ್ ಆಚೀಚೆ ಅಂತರ. ಹಳೇ ಟಿವಿ ಇದ್ದ ಟೇಬಲ್ ಸಾಲದೆ ಬರಬಹುದು. ಗೋಡೆಗೆ ಹಾಕುವವರು ಪೋರ್ಟ್‌ಗಳು ಪಕ್ಕಕ್ಕೆ ಇವೆಯಾ ಇಲ್ಲ ನೇರ ಹಿಂದಕ್ಕೆ ಇವೆಯಾ ನೋಡಬೇಕು, ಹಿಂದಕ್ಕೆ ಇದ್ದರೆ ಕೇಬಲ್ ಚುಚ್ಚಲು ಬೆರಳು ಹೋಗುವುದಿಲ್ಲ. ಎತ್ತರ ಜಾಸ್ತಿ ಬೇಡ. ಕೂತಾಗ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ, ಇಲ್ಲವೇ ಅದಕ್ಕಿಂತ ಸ್ವಲ್ಪ ಕೆಳಗಿನ ಭಾಗ ಬಂದರೆ ಕುತ್ತಿಗೆಗೆ ಒಳ್ಳೆಯದು. ಕಿಟಕಿಯ ಎದುರು ಗೋಡೆಯಂತೂ ಬೇಡವೇ ಬೇಡ, ಹಗಲು ಹೊತ್ತು ಕಿಟಕಿಯೇ ಕಾಣುತ್ತದೆ.

ರಿಮೋಟ್‌ನಲ್ಲಿ ನಂಬರ್ ಬಟನ್ ಇಲ್ಲ, ಆಪ್‌ಗಳ ಬಟನ್ ನಾಲ್ಕಿವೆ. ಆನ್ ಮಾಡಿದರೆ ಹತ್ತಾರು ಸಿನಿಮಾ ಪೋಸ್ಟರ್ ತುಂಬಿದ ಪರದೆ ಬರುತ್ತದೆ, ವಯಸ್ಸಾದವರಿಗೆ ಅಲ್ಲಿಂದ ಮುಂದೆ ಹೋಗುವುದೇ ತೊಡಕು. ಸೆಟ್ಟಿಂಗ್‌ನಲ್ಲಿ ಟಿವಿ ಆನ್ ಆದ ಕೂಡಲೇ ಕೊನೆಗೆ ನೋಡಿದ ಎಚ್‌ಡಿಎಂಐಗೆ ಹೋಗುವ ಹಾಗೆ ಮಾಡಬಹುದು, ಆದರೆ ಅದನ್ನು ಎರಡು ಮೆನು ಒಳಗೆ ಬಚ್ಚಿಟ್ಟಿದ್ದಾರೆ. ಎಚ್‌ಡಿಎಂಐ ಸಿಇಸಿ ಅಂತ ಇನ್ನೊಂದು ಆಯ್ಕೆ ಇದೆ, ಅದನ್ನೂ ಆನ್ ಮಾಡಿದರೆ, ಸೆಟ್‌ಟಾಪ್ ಬಾಕ್ಸ್ ಅದಕ್ಕೆ ಹೊಂದುವಂಥದ್ದಾಗಿದ್ದರೆ, ಟಿವಿ ಮತ್ತು ಬಾಕ್ಸ್ ಎರಡೂ ಒಂದೇ ಬಟನ್‌ಗೆ ಏಳುತ್ತವೆ. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ. ಜೋಡಿಸಲು ಬಂದವರ ಕೈಲೇ ಮಾಡಿಸಿಕೊಳ್ಳಿ, ಮನೆಯ ಹಿರಿಯರ ಕೈಗೆ ರಿಮೋಟ್ ಕೊಟ್ಟು ಅವರಿಂದಲೇ ಒಂದು ಸಲ ಆನ್ ಮಾಡಿಸಿ ನೋಡಿ, ಆಮೇಲೆ ಕಳಿಸಿ.